ಜಿಪ್ಸಿ ಹಿಂಬಾಗಿಲಿಗೆ 30 ಕೆ.ಜಿ. ಸ್ಟೆಪ್ನಿ

ಮೊದಲು ಕೇಳಿದ್ದು ಸದ್ದು. ತೋಟದ ದಾರಿಯಲ್ಲಿ ಎರಡನೇ ಗೇರಿನಲ್ಲಿ ಹೋಗುವಾಗ ಹಿಂದೆ ಯಾರೋ ಬೆರಳಲ್ಲಿ ಡಬ್ಬ ಬಡಿದ ಹಾಗೆ ಟಕ್ ಟಕ್. ಜಾಕ್ ಸಡಿಲ ಆಗಿದೆ ಅಂದುಕೊಂಡು ಅದಕ್ಕೆ ಗೋಣಿಚೀಲ ಸುತ್ತಿ ಸೀಟಿನ ಹಿಂದೆ ಒತ್ತಿಟ್ಟೆ. ನಿಲ್ಲಲಿಲ್ಲ. ಸೀಟಿನ ಬೋಲ್ಟ್ ನೋಡಿದೆ, ಸಾಫ್ಟ್ ಟಾಪಿನ ಕಂಬಿ ಅಲ್ಲಾಡಿಸಿ ನೋಡಿದೆ. ಕೊನೆಗೆ ಒಂದು ಭಾನುವಾರ ಗಾಡಿ ತೊಳೆಯುವಾಗ ಸ್ಟೆಪ್ನಿ ಬಿಚ್ಚಿದೆ ನೋಡಿ, ಎಲ್ಲ ಗೊತ್ತಾಯ್ತು. ಬ್ರಾಕೆಟ್ ಕೂರುವ ಜಾಗದಲ್ಲಿ ಹಿಂಬಾಗಿಲಿನ ತಗಡು ಸೀಳಿತ್ತು. ಬೋಲ್ಟಿನ ತೂತಿನಿಂದ ಶುರುವಾಗಿ ಕೆಳಗಿನ ತೂತಿನ ಕಡೆಗೆ ನಾಲ್ಕು ಸೆಂಟಿಮೀಟರ್. ಬೆರಳಿಟ್ಟು ಒತ್ತಿದರೆ ಬಿಸ್ಕತ್ ಡಬ್ಬದ ಮುಚ್ಚಳದ ಹಾಗೆ ಒಳಗೆ ಹೊರಗೆ ಆಡುತ್ತಿತ್ತು.

ಗಾಡಿ 2004ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. ಇರುವುದು ಸಕಲೇಶಪುರದ ಕಡೆ, ಮಳೆಗಾಲದಲ್ಲಿ ನಮ್ಮ ತೋಟದ ದಾರಿ ದಾರಿಯೇ ಅಲ್ಲ, ಸುಮ್ನೆ ಕೆಸರಿನ ಕಾಲುವೆ. ಅದಕ್ಕೇ 205/70 ಆರ್15 ಸೈಜಿನ ಟಯರ್ ತೆಗೆಸಿ ಅದಕ್ಕಿಂತ ದೊಡ್ಡ 235/75 ಆರ್15 ಮಡ್ ಟಯರ್ ಹಾಕಿಸಿದ್ದೆ, 7 ಇಂಚು ಅಗಲದ ಕಬ್ಬಿಣದ ರಿಮ್ ಸಮೇತ, ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಸಮೇತ. ನಾಲ್ಕು ಟಯರಿಗೆ ಆರು ತಿಂಗಳು ಯೋಚನೆ ಮಾಡಿದವನು ಐದನೆಯದಕ್ಕೆ ಐದು ನಿಮಿಷ ಕೂಡ ಮಾಡಲಿಲ್ಲ. ಹಳೇದು ಇದ್ದ ಜಾಗಕ್ಕೆ ಹೊಸದನ್ನು ತಗುಲಿಹಾಕಿ ಮನೆಗೆ ಬಂದೆ. (ಟಯರ್ ಸೈಜ್ ಬದಲಾಯಿಸಿದರೆ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎದುರಾಗುತ್ತೆ, ಗೊತ್ತಿದೆ. ನೀವು ಮಾಡುವ ಮುಂಚೆ ಅದನ್ನೂ ನೋಡಿಕೊಳ್ಳಿ.)

ಸರಿ, ತೂಕ ಎಷ್ಟು ಅಂತ ಮೊದಲು ತಿಳಿಯಬೇಕಲ್ವಾ. ಮೆಣಸಿನ ಚೀಲ ತೂಗುವ ಮಿಷನ್ ಮನೆಯಲ್ಲೇ ಇದೆ. ಹಳೇ ಸ್ಟೆಪ್ನಿ 19 ಕೆ.ಜಿ. ಹೊಸದು 30. ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, "ಹನ್ನೊಂದು ಕೆ.ಜಿ. ಏನು ಮಹಾ, ಅರ್ಧ ಸಿಲಿಂಡರೂ ಇಲ್ಲ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಇಲ್ಲಿ ಬರೀ ತೂಕ ನೋಡಿದರೆ ಸಾಲದು, ತೂಕ ಎಲ್ಲಿ ನೇತಾಡುತ್ತಿದೆ ಅಂತ ನೋಡಬೇಕು. ಜಿಪ್ಸಿ ಹಿಂಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು. ನನ್ನ ಗಾಡಿಯಲ್ಲಿ ಹಿಂಜಿನಿಂದ (ಬಾಗಿಲು ತಿರುಗುವ ಕೀಲು) ಸ್ಟೆಪ್ನಿಯ ನಡುವಿನವರೆಗೆ ಟೇಪ್ ಹಿಡಿದರೆ 55 ಸೆಂ.ಮೀ. ಮೇಲಿನ ಹಿಂಜಿಗೂ ಕೆಳಗಿನ ಹಿಂಜಿಗೂ ನಡುವೆ 25 ಸೆಂ.ಮೀ. ಬಾಗಿಲು ತೆರೆದು ನಿಂತಾಗ ಮೇಲಿನ ಹಿಂಜನ್ನು ಕಿತ್ತುಕೊಂಡು ಬರಲು ನೋಡುವ ಎಳೆತ 30ನ್ನು 55ರಿಂದ ಗುಣಿಸಿ 25ರಿಂದ ಭಾಗಿಸಿದಷ್ಟು, ಅಂದರೆ 66 ಕೆ.ಜಿ. ಹಳೇ ಟಯರಿಗೆ ಅದು 42 ಇತ್ತು. ಇದು ಗಾಡಿ ನಿಂತಾಗಿನ ಲೆಕ್ಕ, ಬಾಗಿಲಿನ ಸ್ವಂತ ತೂಕ ಸೇರಿಸದೆ. ಗುಂಡಿಗೆ ಬಿದ್ದರೆ ಎರಡು ಮೂರು ಪಟ್ಟು ಆಗುತ್ತೆ. ಇದಲ್ಲದೆ ಟಯರ್ ಬಾಗಿಲಿನಿಂದ ಹಿಂದಕ್ಕೆ ಚಾಚಿಕೊಂಡಿರುತ್ತೆ, ಹಾಗಾಗಿ ಪ್ರತಿ ಕುಲುಕಿಗೂ ಬ್ರಾಕೆಟ್‌ನ ಮೇಲಿನ ಬೋಲ್ಟುಗಳು ತಗಡನ್ನು ಹೊರಕ್ಕೆ ಎಳೆಯುತ್ತವೆ, ಕೆಳಗಿನವು ಒಳಕ್ಕೆ ಒತ್ತುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕಥೆ. ತಗಡು ಇರುವುದೇ ಒಂದು ಎಂ.ಎಂ.ಗಿಂತ ತೆಳ್ಳಗೆ.

ಇದೆಲ್ಲ ಲೆಕ್ಕ ಹಾಕಿದ್ದು ಆಮೇಲೆ. ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಊರಿನ ಒಂದು ಗ್ಯಾರೇಜಿಗೆ ಹೋಗಿ ಸೀಳಿದ ಕಡೆ ವೆಲ್ಡ್ ಮಾಡಿಸಿ, ಒಳಗಡೆಯಿಂದ ಅಂಗೈ ಅಗಲದ 3 ಎಂ.ಎಂ. ಪ್ಲೇಟ್ ಕೊಡಿಸಿದೆ. ಪೇಂಟ್ ಹೊಡೆದ ಮೇಲೆ ಚೆನ್ನಾಗೇ ಕಾಣುತ್ತಿತ್ತು. ಐದೇ ವಾರ. ಈ ಸಲ ಸೀಳಿದ್ದು ಪ್ಲೇಟಿನ ಅಂಚಿನ ಉದ್ದಕ್ಕೂ, ಚಾಕುವಿನಲ್ಲಿ ಕೊಯ್ದ ಹಾಗೆ. ಗ್ಯಾರೇಜಿನವರನ್ನು ಬೈಯುವುದರಲ್ಲಿ ಅರ್ಥ ಇಲ್ಲ, ಹೇಳಿ ಮಾಡಿಸಿದವನು ನಾನೇ. ದಪ್ಪ ಪ್ಲೇಟ್ ಬಗ್ಗುವುದಿಲ್ಲ, ಪಕ್ಕದ ತೆಳು ತಗಡು ಬಗ್ಗುತ್ತೆ, ಎರಡೂ ಸೇರುವ ಗೆರೆಯಲ್ಲೇ ಎಲ್ಲ ಬಗ್ಗುವಿಕೆ ಬಂದು ಕೂರುತ್ತೆ. ವೆಲ್ಡಿನ ಬಿಸಿ ತಾಗಿದ ತಗಡು ಬೇರೆ. ಅಷ್ಟರಲ್ಲಿ ಬಾಗಿಲು ಲಾಚ್ ಕಡೆಗೆ (ಚಿಲಕ ಬೀಳುವ ಬದಿ) 6 ಎಂ.ಎಂ. ಇಳಿದುಬಿಟ್ಟಿತ್ತು, ಮುಚ್ಚಬೇಕಾದರೆ ಮಂಡಿ ಕೊಟ್ಟು ಎತ್ತಿ ತಳ್ಳಬೇಕು. ಮನೆಯವರೆಲ್ಲರಿಗೂ ಆ ಮಂಡಿ ಪೆಟ್ಟು ಅಭ್ಯಾಸ ಆಗಿಹೋಗಿತ್ತು.

ಸ್ಟೆಪ್ನಿ ಮೇಲೆ ಕ್ಯಾರಿಯರಿಗೆ ಹಾಕು ಅಂತ ಬಾವ ಹೇಳಿದರು. ಸಾಫ್ಟ್ ಟಾಪಿನ ಮೇಲೆ ಏನಿದೆ ಬಾವ, ರೆಕ್ಸಿನ್ ಇದೆ. ರೋಲ್ ಬಾರ್ ಕಟ್ಟಿಸಿ ಹಾಕಿದರೂ ಮಳೆಯಲ್ಲಿ 30 ಕೆ.ಜಿ. ತಲೆ ಮೇಲೆ ಎತ್ತಿ ಇಳಿಸುವವರು ಯಾರು? ಮೊದಲೇ ಎತ್ತರದ ಸಣ್ಣ ಗಾಡಿ, ಮೇಲೆ ತೂಕ ಹೋದಷ್ಟೂ ಓರೆ ದಾರಿಯಲ್ಲಿ ವಾಲುತ್ತೆ. ಒಳಗೆ ಹಾಕಿದರೆ ಹಿಂದೆ ಇಬ್ಬರು ಕೂರುವ ಜಾಗ ಹೋಯ್ತು. ಛಾಸಿಯಿಂದಲೇ ಬೇರೆ ತೋಳು ತೆಗೆದು, ಹಬ್ ಬೇರಿಂಗ್ ಕೊಟ್ಟು, ಸ್ಟೆಪ್ನಿಯನ್ನು ಬಾಗಿಲಿನಿಂದ ಪೂರ್ತಿ ಬೇರೆ ಮಾಡುವುದು ಎಲ್ಲಕ್ಕಿಂತ ಗಟ್ಟಿ ಕೆಲಸ, ನಿಜ. ಆದರೆ ಅದಕ್ಕೆ ಹಿಂದಿನ ಬಂಪರೇ ಹೊಸದು ಬೇಕು, ಹಿಂದೆ ಹತ್ತಬೇಕಾದರೆ ಪ್ರತಿ ಸಲ ಎರಡು ಬಾಗಿಲು ತೆಗೆದ ಹಾಗೆ. ನನಗೆ ಬೇಡ ಅನಿಸಿತು. 33 ಇಂಚಿನ ಟಯರ್ ಆಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಹಾಗಾಗಿ ಟಯರ್ ಬಾಗಿಲಿನ ಮೇಲೇ ಇರಲಿ, ಆದರೆ ತೂಕ ತಗಡಿಗೆ ಹೋಗಬಾರದು ಅಂತ ತೀರ್ಮಾನ. ಬಾಗಿಲಿನ ಹೊರಗೆ ಒಂದು ಕಬ್ಬಿಣದ ಚೌಕಟ್ಟು. ಅದು ಒಂದು ಕಡೆ ಹಿಂಜುಗಳಿಗೇ ನೇರ ಬೋಲ್ಟ್ ಆಗುತ್ತೆ, ಇನ್ನೊಂದು ಕಡೆ ಬಾಗಿಲು ಮುಚ್ಚಿದಾಗ ಬಾಡಿಗೆ ಹಾಕಿದ ಒಂದು ಗುಟ್ಟದ (ಆನಿಕೆಯ ತುಂಡು) ಮೇಲೆ ಕೂರುತ್ತೆ. ತಗಡಿನ ಕೆಲಸ ಧೂಳು, ನೀರು ತಡೆಯುವುದಷ್ಟೇ.

ಏಪ್ರಿಲ್‌ನಲ್ಲಿ ಮೆಣಸು ಮುಗಿದ ಮೇಲೆ ಶುರು ಮಾಡಿದೆ. ಮೊದಲ ಎರಡು ದಿನ ಹಿಂಜ್ ಬೋಲ್ಟುಗಳೇ ತಿಂದವು. ಇಪ್ಪತ್ತು ಮಳೆಗಾಲ ಕಂಡ ಬೋಲ್ಟುಗಳು, ಸುಮ್ನೆ ಸ್ಪ್ಯಾನರ್ ಹಾಕಿದರೆ ಬರುತ್ತವಾ? ರಾತ್ರಿಯೆಲ್ಲ ಡೀಸೆಲ್ ಬಿಟ್ಟು ನೆನೆಸಿ, ಬೆಳಗ್ಗೆ ಸ್ವಲ್ಪ ಬಿಗಿ ಮಾಡಿ ಸ್ವಲ್ಪ ಸಡಿಲ ಮಾಡಿ, ಮತ್ತೆ ಡೀಸೆಲ್. ಹೀಗೆ ಹಿಂದೆ ಮುಂದೆ ಆಡಿಸಿದ್ದಕ್ಕೆ ಎಲ್ಲ ಬಂದವು, ಒಂದು ಮಾತ್ರ ತಲೆ ಮುರಿದುಕೊಂಡು ಒಳಗೇ ಉಳಿಯಿತು. ಅದಕ್ಕೆ ನಡುವೆ ಪಂಚ್ ಹೊಡೆದು, 4 ಎಂ.ಎಂ. ಡ್ರಿಲ್, ಆಮೇಲೆ 6, ಕೊನೆಗೆ ಟ್ಯಾಪ್ ಹಾಕಿ ಥ್ರೆಡ್ ತೆಗೆದೆ. ಪಂಚ್ ಹೊಡೆಯದೆ ಡ್ರಿಲ್ ಇಟ್ಟರೆ ಅದು ಜಾರಿ ಪಕ್ಕದ ಮೆತ್ತಗಿನ ಕಬ್ಬಿಣಕ್ಕೆ ಹೋಗುತ್ತೆ, ಹಾಳಾದ ಮೇಲೆ ಕಲಿಯುವ ವಿದ್ಯೆ ಇದು.

ಹಿಂಜ್ ಕೈಗೆ ಬಂದ ಮೇಲೆ ಇನ್ನೊಂದು ಗುಟ್ಟು ತಿಳಿಯಿತು. ಬಾಗಿಲು ಇಳಿದಿದ್ದು ತಗಡು ಸೀಳಿದ್ದರಿಂದ ಮಾತ್ರ ಅಲ್ಲ, ಹಿಂಜಿನ ಪಿನ್ನೂ ಸವೆದಿತ್ತು. ಮೇಲಿನದರಲ್ಲಿ ಪಿನ್ ಅಲ್ಲಾಡಿಸಿದರೆ ಕಣ್ಣಿಗೇ ಕಾಣುವಷ್ಟು ಲೂಸ್. ಲೇತ್ ಅಂಗಡಿಯಲ್ಲಿ ತೂತು ದೊಡ್ಡದು ಮಾಡಿಸಿ ಹಿತ್ತಾಳೆ ಬುಷ್ ಹಾಕಿಸಿದೆ, ಪಿನ್ ಹೊಸದು. ಗ್ರೀಸ್ ಹೋಗಲು ಒಂದು ಸಣ್ಣ ತೂತು ಕೂಡ. ಹಿಂಜ್ ಬಾಡಿಗೆ ಕೂರುವ ಕಂಬದ ಒಳಗಡೆ ಬೆರಳು ಹಾಕಿ ತಡವಿದರೆ ತುಕ್ಕಿನ ಪುಡಿ ಬಂತು, ಆದರೆ ಸುತ್ತಿಗೆಯಲ್ಲಿ ಬಡಿದರೆ ಗಟ್ಟಿ ಸದ್ದೇ ಇತ್ತು. ಅಲ್ಲಿ 4 ಎಂ.ಎಂ. ಪ್ಲೇಟ್ ಒಳಗಿನಿಂದ ಕೊಟ್ಟು ಎರಡೂ ಹಿಂಜಿನ ಬೋಲ್ಟುಗಳನ್ನು ಅದೊಂದಕ್ಕೇ ಸೇರಿಸಿದೆ. ಬಾಗಿಲು ಎಷ್ಟೇ ಗಟ್ಟಿ ಮಾಡಿದರೂ ಅದು ನೇತಾಡುವ ಕಂಬ ಟೊಳ್ಳಾದರೆ ಏನು ಬಂತು? ನೀವು ಮಾಡುವುದಾದರೆ ಈ ಜಾಗ ಮೊದಲು ನೋಡಿ, ಇಲ್ಲಿ ತುಕ್ಕು ತಿಂದಿದ್ದರೆ ಮುಂದಿನ ಕೆಲಸ ಶುರುವೇ ಮಾಡಬೇಡಿ.

ಚೌಕಟ್ಟಿಗೆ ಮೊದಲು ಟಿ.ವಿ. ಬಂದ ಪೆಟ್ಟಿಗೆಯ ರಟ್ಟಿನಲ್ಲಿ ಅಚ್ಚು ಕತ್ತರಿಸಿದೆ. ಅದನ್ನು ಹಿಡಿದುಕೊಂಡು ಹಾಸನದ ವೆಲ್ಡಿಂಗ್ ಶಾಪಿಗೆ ಹೋದರೆ ಅಲ್ಲಿನ ಅಣ್ಣ ಮೂಲೆಯಿಂದ 5 ಎಂ.ಎಂ. ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಎಳೆದುಕೊಂಡು ಬಂದ.

"ಅಣ್ಣಾ, ಇದೇನು ತೇರಿಗಾ?"

"ಗಟ್ಟಿ ಬೇಕು ಅಂದ್ರಲ್ಲಾ ಸಾರ್, ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತೆ."

ಅದು ಇರುತ್ತೆ, ಬಾಗಿಲು ಇರಲ್ಲ. ತೂಕ ಹೊರಲು ಹಾಕುವ ಕಬ್ಬಿಣವೇ ತೂಕ ಆಗಬಾರದು. ಕೊನೆಗೆ 40×40 ಸ್ಕ್ವೇರ್ ಪೈಪ್, 2 ಎಂ.ಎಂ. ದಪ್ಪದ್ದು, ಎರಡು ಮೀಟರ್ ಅಂತ ಒಪ್ಪಿಸಿದೆ. ಮೀಟರಿಗೆ 2.4 ಕೆ.ಜಿ. ಹತ್ತಿರ. ಎರಡು ಅಡ್ಡ ಪೈಪ್, ಒಂದೊಂದೂ ಒಂದೊಂದು ಹಿಂಜಿನ ಮಟ್ಟದಲ್ಲಿ, ನಡುವೆ ಎರಡು ಉದ್ದ ತುಂಡು. ಜೊತೆಗೆ ಹಿಂಜಿನ ಹತ್ತಿರದ ಮೇಲಿನ ಮೂಲೆಯಿಂದ ಲಾಚ್ ಕಡೆಯ ಕೆಳ ಮೂಲೆಗೆ ಒಂದು ಓರೆ ಪಟ್ಟಿ. ಆ ಓರೆ ಪಟ್ಟಿಯನ್ನು ಬಿಡಬೇಡಿ. ಹಳ್ಳಿ ಕಡೆಯ ತಡಿಕೆ ಗೇಟು ನೋಡಿ, ಓರೆ ಕೋಲು ಇಲ್ಲದ ಗೇಟು ಎರಡು ವರ್ಷಕ್ಕೆ ನೆಲ ಉಜ್ಜಲು ಶುರು ಮಾಡುತ್ತೆ. ಎಲ್ಲ ಸೇರಿ ಚೌಕಟ್ಟು 7 ಕೆ.ಜಿ. ಆಯ್ತು. ಹನ್ನೊಂದು ಕೆ.ಜಿ. ಜಾಸ್ತಿ ಹೊರಲು ಏಳು ಕೆ.ಜಿ. ಕಬ್ಬಿಣ, ನಗಬೇಡಿ.

ರಿಮ್ ಕೂರುವ ಪ್ಲೇಟು 5 ಎಂ.ಎಂ., 20 ಸೆಂ.ಮೀ. ಚೌಕ. ಜಿಪ್ಸಿ ರಿಮ್ಮಿಗೆ ಐದು ತೂತು, ಅವು ಕೂರುವ ವೃತ್ತದ ಅಳತೆ 139.7 ಎಂ.ಎಂ. ಅಣ್ಣ ಮೊಳೆ, ದಾರ ಹಿಡಿದು ವೃತ್ತ ಎಳೆದು ಅಂದಾಜಿನಲ್ಲಿ ತೂತು ಗುರುತು ಮಾಡಿದ. ಪಕ್ಕಪಕ್ಕದ ಎರಡು ತೂತಿನ ನಡುವೆ 82 ಎಂ.ಎಂ. ಬರಬೇಕು, ಅಳೆದರೆ ಒಂದು ಕಡೆ 79, ಇನ್ನೊಂದು ಕಡೆ 84. ಲೆಕ್ಕ ಬಿಟ್ಟು ರಿಮ್ಮನ್ನೇ ಪ್ಲೇಟಿನ ಮೇಲೆ ಮಲಗಿಸಿ ಅದರ ತೂತಿನಿಂದಲೇ ಗುರುತು ಮಾಡಿದೆವು, ಐದು ನಿಮಿಷದ ಕೆಲಸ. ಐದೂ ಬೇಕಿಲ್ಲ, ಮೂರು ಸ್ಟಡ್ (ತಲೆ ಇಲ್ಲದ ಬೋಲ್ಟ್) ಸಾಕು. ಸ್ಟಡ್ 12 ಎಂ.ಎಂ., ಥ್ರೆಡ್ಡಿನ ಪಿಚ್ 1.25, ಅಂದರೆ ಗಾಡಿಯ ವೀಲ್ ನಟ್ಟುಗಳೇ ಆಗುತ್ತವೆ. ಕಾಡಿನಲ್ಲಿ ಒಂದು ನಟ್ ಕಳೆದರೆ ಸ್ಟೆಪ್ನಿಯಿಂದ ತೆಗೆದುಕೊಳ್ಳಬಹುದು. ಮೇಲೆ ಬರುವ ಒಂದು ಸ್ಟಡ್ ಮಾತ್ರ ಉಳಿದವಕ್ಕಿಂತ 15 ಎಂ.ಎಂ. ಉದ್ದ ಬಿಟ್ಟೆ. ಟಯರ್ ಎತ್ತಿ ಆ ಒಂದಕ್ಕೆ ಸಿಕ್ಕಿಸಿದರೆ ಅದು ಅಲ್ಲೇ ನೇತಾಡುತ್ತೆ, ಉಳಿದ ಎರಡನ್ನು ನಿಧಾನಕ್ಕೆ ತಿರುಗಿಸಿ ಹೊಂದಿಸಬಹುದು. ಒಬ್ಬನೇ ಇರುವಾಗ ಸೊಂಟಕ್ಕೆ ಎಷ್ಟು ಪುಣ್ಯ ಅಂತ ಮಾಡಿದವರಿಗೇ ಗೊತ್ತು.

ಎತ್ತರದ್ದು ಇನ್ನೊಂದು ತಲೆನೋವು. ಹಳೇ ಟಯರಿನ ಎತ್ತರ 668 ಎಂ.ಎಂ., ಹೊಸದರದ್ದು 733. ನಡು ಭಾಗ ಹಳೇ ಜಾಗದಲ್ಲೇ ಇಟ್ಟರೆ ಟಯರು ಕೆಳಗೆ 33 ಎಂ.ಎಂ. ಜಾಸ್ತಿ ಇಳಿಯುತ್ತೆ, ನನ್ನ ಬಂಪರಿಗೆ ಉಳಿದಿದ್ದ ಜಾಗ ಅದಕ್ಕಿಂತ ಕಡಿಮೆ. ಬಾಗಿಲು ತೆರೆಯುವಾಗೆಲ್ಲ ಕೆರೆಯುತ್ತಿತ್ತು. ನಡುವನ್ನು 45 ಎಂ.ಎಂ. ಮೇಲಕ್ಕೆ ಎತ್ತಿದೆ. ಅದಕ್ಕಿಂತ ಮೇಲೆ ಹೋದರೆ ಒಳಗಿನ ಕನ್ನಡಿಯಲ್ಲಿ ಬರೀ ಟಯರೇ ಕಾಣುತ್ತೆ, ಈಗಲೇ ಹಿಂದಿನ ಸ್ಕೂಟರ್ ಸವಾರನ ಹೆಲ್ಮೆಟ್ ಅಷ್ಟೇ ಕಾಣುವುದು. ಟಯರಿನ ಅಗಲಕ್ಕೆ ನಂಬರ್ ಪ್ಲೇಟಿನ ಒಂದು ಮೂಲೆ ಮರೆಯಾಗುತ್ತಿತ್ತು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಬಿಚ್ಚಿದರೆ ಅದರ ಲಾಕ್ ಮುರಿಯುತ್ತೆ, ಮತ್ತೆ ಅದನ್ನೇ ಹಾಕಲು ಬರುವುದಿಲ್ಲ. ಅದಕ್ಕೆ ಪ್ಲೇಟ್ ಮುಟ್ಟದೆ ಅದು ಕೂತ ಬ್ರಾಕೆಟ್ಟನ್ನೇ ಬಿಚ್ಚಿ ಪಕ್ಕಕ್ಕೆ ಸರಿಸಿದೆ, ಅದರ ಲೈಟಿನ ವೈರು ಒಂದು ಗೇಣು ಉದ್ದ ಮಾಡಿದೆ. ಇಪ್ಪತ್ತಡಿ ಹಿಂದೆ ನಿಂತು ಬ್ರೇಕ್ ಲೈಟು, ಇಂಡಿಕೇಟರ್, ನಂಬರ್ ಎಲ್ಲ ಕಾಣುತ್ತದಾ ಅಂತ ಹಗಲು ಒಂದು ಸಲ, ರಾತ್ರಿ ಒಂದು ಸಲ ನೋಡಿದೆ.

ಈಗ ಗುಟ್ಟ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ದುಡ್ಡು ಕಡಿಮೆ, ಉಪಯೋಗ ಜಾಸ್ತಿ ಅಂದರೆ ಇದೇ. ಲೇತ್ ಅಂಗಡಿಯಲ್ಲಿ ಬಿದ್ದಿದ್ದ ನೈಲಾನ್ ರಾಡಿನ ತುಂಡನ್ನು ಬೆಣೆಯ ಹಾಗೆ ಓರೆಯಾಗಿ ಕತ್ತರಿಸಿ, ಲಾಚ್ ಕಡೆ ಬಾಡಿಯ ಅಂಚಿನಲ್ಲಿ ಒಂದು ಎಲ್ ಆಕಾರದ ತುಂಡಿನ ಮೇಲೆ ಕೂರಿಸಿದೆ. ಬಾಗಿಲು ಮುಚ್ಚುವಾಗ ಚೌಕಟ್ಟಿನ ತುದಿ ಆ ಬೆಣೆ ಹತ್ತಿ, 2 ಎಂ.ಎಂ. ಮೇಲೆದ್ದು ಕೂರುತ್ತೆ. ಇಷ್ಟು ದಿನ ಓಡಾಡುವಾಗಲೂ ಹಿಂಜ್ ಒಂದೇ ಹೊರುತ್ತಿದ್ದ ತೂಕ ಈಗ ಎರಡು ಕಡೆ ಹಂಚಿಕೆ ಆಯ್ತು. ಲಾಚ್ ಪಾಪ ಬರೀ ಬಾಗಿಲು ತೆರೆದುಕೊಳ್ಳದ ಹಾಗೆ ಹಿಡಿದರೆ ಸಾಕು. ಎಲ್ ತುಂಡಿನ ತೂತನ್ನು ಉದ್ದಕ್ಕೆ ಕೊರೆದಿದ್ದೇನೆ, ನೈಲಾನ್ ಸವೆದಷ್ಟೂ ಮೇಲೆತ್ತಿ ಬಿಗಿ ಮಾಡಬಹುದು. ಮೊದಲ ಸಲ 4 ಎಂ.ಎಂ. ಎತ್ತುವ ಹಾಗೆ ಇಟ್ಟು, ಬಾಗಿಲು ಮುಚ್ಚಲು ಮತ್ತೆ ಮಂಡಿಯೇ ಬೇಕಾಯ್ತು, ಆ ಮಾತು ಬೇರೆ.

ಟಯರು ಸ್ಟಡ್‌ಗಳ ಮೇಲೆ ಮಾತ್ರ ನಿಂತರೆ ಅದರ ಅಂಚು ಅಲ್ಲಾಡುತ್ತಲೇ ಇರುತ್ತೆ. ಅದಕ್ಕೆ ಚೌಕಟ್ಟಿನ ಮೇಲಿನ ಎರಡು ಮೂಲೆ, ಕೆಳಗೆ ಒಂದು ಕಡೆ, ಲಾರಿ ಮಡ್‌ಫ್ಲಾಪಿನ ರಬ್ಬರ್ ತುಂಡು ಎರಡು ಪದರ ಹಾಕಿ ಬೋಲ್ಟ್ ಮಾಡಿದೆ. ನಟ್ ಬಿಗಿ ಮಾಡುವಾಗ ಕೊನೆಯ ಐದು ಎಂ.ಎಂ. ಟಯರು ಆ ರಬ್ಬರನ್ನು ಒತ್ತಿಕೊಂಡು ಕೂರಬೇಕು. ಒತ್ತದಿದ್ದರೆ ಪದರ ಜಾಸ್ತಿ ಮಾಡಿ, ನಟ್ ಕೂರುವ ಮುಂಚೆಯೇ ಬಿಗಿಯಾದರೆ ಕಡಿಮೆ ಮಾಡಿ. ನಟ್‌ಗೆ ಟಾರ್ಕ್ ರೆಂಚಿನಲ್ಲಿ 80 ನ್ಯೂಟನ್ ಮೀಟರ್ ಕೊಟ್ಟೆ.

ಒಂದು ಪೆಟ್ಟು ತಿಂದದ್ದನ್ನೂ ಬರೆಯುತ್ತೇನೆ. ಚೌಕಟ್ಟು ಕೂರಿಸಿದ ಮೊದಲ ದಿನ ಅಂಗಳದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಬಾಗಿಲು ತೆರೆದೆ. ಫೋನ್ ಬಂತು, ತಿರುಗಿದೆ. ಬಾಗಿಲು ತಾನೇ ಬಂದು ಮೊಣಕೈಗೆ ಬಡಿಯಿತು. ಹಳೇ ಬಾಗಿಲಾಗಿದ್ದರೆ ಒಂದು ತಳ್ಳಿನಲ್ಲಿ ನಿಲ್ಲುತ್ತಿತ್ತು, ಇದು ಎಲ್ಲ ಸೇರಿ ಒಂದು ಕಾಫಿ ಚೀಲದ ತೂಕಕ್ಕೆ ಹತ್ತಿರ. ಮೂರು ದಿನ ಕೈ ಎತ್ತಲಾಗಲಿಲ್ಲ. ಘಾಟಿಯಲ್ಲಿ ಸಮತಟ್ಟು ಜಾಗ ಹುಡುಕಿ ಪಂಕ್ಚರ್ ಆಗುವುದಿಲ್ಲವಲ್ಲ. ಕೆಳಗಿನ ಹಿಂಜಿನ ಪಕ್ಕ ಎರಡು ಕಿವಿ ವೆಲ್ಡ್ ಮಾಡಿಸಿ, ಬಾಗಿಲು ಪೂರ್ತಿ ತೆರೆದಾಗ ತೂತುಗಳು ಒಂದರ ಮೇಲೊಂದು ಬರುವ ಹಾಗೆ ಮಾಡಿ, 10 ಎಂ.ಎಂ. ಕಂಬಿಯ ಪಿನ್ನು ಸರಪಳಿಯಲ್ಲಿ ಕಟ್ಟಿದ್ದೇನೆ. ಇದನ್ನು ಮೊದಲ ದಿನವೇ ಮಾಡಿ.

ಪೇಂಟಿನ ವಿಷಯ ಬೇಗ ಮುಗಿಸುತ್ತೇನೆ. ಜಿಂಕ್ ಪ್ರೈಮರ್ ಎರಡು ಕೋಟು, ಮೇಲೆ ಕಪ್ಪು. ಪೈಪಿನ ತುದಿ ಮುಚ್ಚಿಸಿ, ಆದರೆ ಕೆಳಗೆ ಒಂದು ಸಣ್ಣ ತೂತು ಬಿಡಿ, ಒಳಗೆ ನೀರು ನಿಂತರೆ ಹೊರಗಿನ ಪೇಂಟು ಬರೀ ಅಲಂಕಾರ. ಸೀಳಿದ ತಗಡಿಗೆ ಸೀಳಿನ ತುದಿಯಲ್ಲಿ 3 ಎಂ.ಎಂ. ತೂತು ಕೊರೆದು, ಅದು ಮುಂದೆ ಹೋಗದ ಹಾಗೆ ಮಾಡಿ, ಸಣ್ಣಗೆ ವೆಲ್ಡ್ ಹಚ್ಚಿ ಸೀಲಂಟ್ ಬಳಿದೆ. ಈಗ ಅದರ ಮೇಲೆ ಭಾರ ಇಲ್ಲ. ಖರ್ಚು: ಕಬ್ಬಿಣಕ್ಕೆ 1,100, ಲೇತಿಗೆ 900, ವೆಲ್ಡಿಂಗಿಗೆ 2,500, ಪೇಂಟು ಗೀಂಟು 600. ಒಟ್ಟು 5,100 ರೂಪಾಯಿ, ಹಾಸನಕ್ಕೆ ನಾಲ್ಕು ಸಲ ಓಡಾಡಿದ ಪೆಟ್ರೋಲ್ ಬಿಟ್ಟು.

ಜೂನ್ ಮೊದಲ ವಾರ ಬಿಸಲೆ ಘಾಟಿ ಕಡೆ ಹೋಗಿ ಬಂದೆ. ಹೊರಡುವ ಮುಂಚೆ ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೆ, ಬೋಲ್ಟ್ ಒಂದಿಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತೆ. ನೂರು ಕಿಲೋಮೀಟರಿಗೆ ನೋಡಿದಾಗ ಮೇಲಿನ ಹಿಂಜಿನ ಒಂದು ಬೋಲ್ಟ್ ಸ್ವಲ್ಪ ತಿರುಗಿತ್ತು, ಅದರ ಕೆಳಗೆ ಪೇಂಟ್ ದಪ್ಪಗೆ ಕೂತಿತ್ತು, ಅದು ಒತ್ತಿಹೋಗಿ ಸಡಿಲ ಆಗಿದೆ. ಕೆರೆದು ಮತ್ತೆ ಬಿಗಿ ಮಾಡಿದೆ. ಆಮೇಲೆ ಮೂರು ತಿಂಗಳು ಮಳೆ, ದಿನಾ ತೋಟ, ಗೆರೆಗಳು ಹಾಗೇ ಇವೆ. ಲಾಚ್ ಕಡೆ ಸಂದು ಅಳೆದರೆ 1 ಎಂ.ಎಂ. ಇಳಿದಿತ್ತು, ಅದು ನೈಲಾನ್ ಸವೆದದ್ದು, ಎತ್ತಿ ಕೂರಿಸಿದ್ದಾಯ್ತು. ಅಪ್ಪ ಮಾತ್ರ ಈಗಲೂ ಬಾಗಿಲು ಮುಚ್ಚುವಾಗ ಮಂಡಿ ಕೊಡುತ್ತಾರೆ.

ಟಕ್ ಟಕ್ ಸದ್ದು ಹೋಯ್ತಾ ಅಂತ ಕೇಳಿದರೆ, ಹಳೇದು ಹೋಯ್ತು. ಕಳೆದ ವಾರದಿಂದ ಇನ್ನೊಂದು ಶುರುವಾಗಿದೆ. ಬಾಗಿಲು, ಚೌಕಟ್ಟು, ರಬ್ಬರ್ ಎಲ್ಲ ಬಿಚ್ಚಿ ನೋಡಿದೆ, ಎರಡು ಸಂಜೆ ಹೋಯ್ತು. ಈ ಸಲ ನಿಜವಾಗಲೂ ಜಾಕೇ. ಅದಕ್ಕೆ ಸುತ್ತಿದ್ದ ಗೋಣಿಚೀಲ ವೆಲ್ಡಿಂಗ್ ಶಾಪಿನಲ್ಲಿ ಬಿಟ್ಟು ಬಂದಿದ್ದೆ.